ಬಳ್ಳಾರಿ ಬಿಸಿಲಿಗೆ ಮನೆಯಲ್ಲಿ ಶುಂಠಿ ಬರುತ್ತಾ? ಬೆಳೆದವರು ಅನುಭವ ಹೇಳಿ

ಬಳ್ಳಾರಿ ಬಾಲ್ಕನಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡನೇ ಮಹಡಿ ಮನೆ. ಬಾಲ್ಕನಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಎರಡರಿಂದ ಸಂಜೆವರೆಗೂ ನೇರ ಬಿಸಿಲು. ಈಗ ಏಪ್ರಿಲ್, 41 ಡಿಗ್ರಿ. ತರಕಾರಿ ಬುಟ್ಟಿಯಲ್ಲಿದ್ದ ಶುಂಠಿ ಮೊಳಕೆ ಬಿಟ್ಟಿದೆ, ಎಸೆಯಲು ಮನಸ್ಸಿಲ್ಲ. ಎರಡೇ ಪ್ರಶ್ನೆ. ಈಗಲೇ ನೆಡಬಹುದಾ, ಮಳೆಗೆ ಕಾಯಬೇಕಾ? ಕುಂಡ ಸಾಕಾ, ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಬೇಕಾ?

ತಾರಸಿ ಲೆಕ್ಕ (ಬೆಂಗಳೂರು):
ನಾನು ಬೆಳೆದಿದ್ದೇನೆ. ಲೆಕ್ಕವನ್ನೂ ಬರೆದಿಟ್ಟಿದ್ದೇನೆ. 2023ರಲ್ಲಿ ಶುಂಠಿ ಬೆಲೆ ಏರಿ ಎಲ್ಲರೂ ಚಹಾಕ್ಕೆ ಹಾಕುವುದನ್ನೇ ಬಿಟ್ಟಿದ್ದರಲ್ಲ, ಆ ವರ್ಷ. ಗ್ರೋ ಬ್ಯಾಗ್ 12, ಒಂದಕ್ಕೆ 90ರಂತೆ 1,080. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಎರಡು, 500. ಎರೆಗೊಬ್ಬರ 600. ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಒಂದು ಕಿಲೋ 180. ಬೇವಿನ ಹಿಂಡಿ 250. ಬೀಜದ ಶುಂಠಿ ಒಂದು ಕಿಲೋ 160. ಕೆಮ್ಮಣ್ಣು ತಂದ ಆಟೋಗೆ 350. ಶೇಡ್ ನೆಟ್, ಕಬ್ಬಿಣದ ಪೈಪು, ಕಟ್ಟಿದವನ ಕೂಲಿ ಸೇರಿ 3,200. ಒಟ್ಟು 6,320.

ಮೇ ಮೊದಲ ವಾರ ನೆಟ್ಟೆ. ಎರಡು ಕಣ್ಣು (ಮೊಳಕೆ ಬರುವ ಮೊಗ್ಗು) ಇರುವ ತುಂಡು, ಎರಡು ಇಂಚು ಆಳ. 12ರಲ್ಲಿ 4 ಚೀಲ ಮೊಳೆಯಲೇ ಇಲ್ಲ. ತೆಗೆದು ನೋಡಿದರೆ ಒಳಗೆ ಗಂಜಿಯಾಗಿತ್ತು. ಕತ್ತರಿಸಿದ ದಿನವೇ ನೆಟ್ಟಿದ್ದು ನನ್ನ ತಪ್ಪು. ಗಾಯ ಒಣಗಲು ಎರಡು ದಿನ ಬಿಡಬೇಕಿತ್ತು. ಜುಲೈನಲ್ಲಿ ಬಸವನಹುಳು ಬಂದವು. ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿಗೆ ಹಾಕುತ್ತಿದ್ದೆ. ಒಂದು ರಾತ್ರಿ 63 ಸಿಕ್ಕಿದ್ದವು. ಎದುರು ಮನೆಯವರು ನನ್ನನ್ನು ಕಳ್ಳ ಅಂದುಕೊಂಡರು. ಆ ಕಥೆ ಬೇರೆ.

2024ರ ಫೆಬ್ರವರಿಯಲ್ಲಿ ಕಿತ್ತೆ. 3 ಕಿಲೋ 400 ಗ್ರಾಂ. ಕಿಲೋಗೆ ಹತ್ತಿರ ಹತ್ತಿರ 1,860 ರೂಪಾಯಿ ಬಿತ್ತು. ಅದೇ ದಿನ ನಮ್ಮ ಬೀದಿಯ ತಳ್ಳುಗಾಡಿಯಲ್ಲಿ 140.

ಆದರೂ ಎರಡನೇ ವರ್ಷ ಮಾಡಿದೆ. ಆ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ದಂಡ ಎಂದು ಬೆಂಗಳೂರಿನಲ್ಲಿ ಆದೇಶ ಬಂದಿತ್ತಲ್ಲ, ಹಾಗಾಗಿ ಬಟ್ಟೆ ಒಗೆದ ನೀರು ಹಾಕಿದೆ. ಎಲೆ ತುದಿ ಸುಟ್ಟು, ಒಂದೊಂದೇ ಸತ್ತವು. ಆ ವರ್ಷದ ಲೆಕ್ಕ ಬರೆದಿಲ್ಲ.

ಗದ್ದೆ ಬದು (ಸೊರಬ):
ಕಿಲೋಗೆ 1,860! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಮ್ಮದು ಆಟ ಸ್ವಾಮಿ. ನನ್ನ ಲೆಕ್ಕ ಕೇಳಿ. 2024ರಲ್ಲಿ ಪಕ್ಕದವರ ಒಂದು ಎಕರೆ ಗೇಣಿಗೆ ಹಿಡಿದು ಹಾಕಿದೆ. ಬೀಜ 12 ಚೀಲ. 60 ಕಿಲೋ ಚೀಲಕ್ಕೆ 6,000. ಬೀಜಕ್ಕೇ 72,000 ಹೋಯಿತು. ಆಮೇಲೆ ಕೋಳಿಗೊಬ್ಬರ, ಪಟ್ಟೆ (ಎತ್ತರದ ಮಡಿ) ತೆಗೆಯುವ ಕೂಲಿ, ಸೊಪ್ಪು ಮುಚ್ಚುವ ಕೂಲಿ, ಮಣ್ಣು ಏರಿಸುವ ಕೂಲಿ, ಔಷಧಿ. ಎಲ್ಲ ಸೇರಿ 4 ಲಕ್ಷ 20 ಸಾವಿರ.

ಆಗಸ್ಟ್ ಎರಡನೇ ವಾರ ಕೆಳಗಿನ ಎಲೆ ಹಳದಿಯಾಯಿತು. ದಂಟು ಹಿಡಿದು ಎಳೆದರೆ ಸುಲಭವಾಗಿ ಕೈಗೆ ಬಂತು. ಬುಡ ನೀರುನೀರು, ವಾಸನೆ. ಗಡ್ಡೆ ಕೊಳೆ. ಪಿಥಿಯಂ ಅನ್ನುವ ಶಿಲೀಂಧ್ರದಂಥ ರೋಗಾಣು. ನೀರು ನಿಂತ ಕಡೆಯಿಂದ ಶುರುವಾಗಿ ಹರಿದು ಹೋದ ದಾರಿಯಲ್ಲೇ ಹಬ್ಬುತ್ತದೆ. ಸುತ್ತ ಕಾಲುವೆ ತೋಡಿದೆ, ರೋಗದ ಬುಡ ಕಿತ್ತು ಹೊರಗೆ ಸುಟ್ಟೆ, ಔಷಧಿ ಸುರಿದೆ. ಮಳೆ ಬಿಡಲಿಲ್ಲ. ಉಳಿದದ್ದು 70 ಚೀಲ. ಕಿತ್ತಾಗ ದರ ಚೀಲಕ್ಕೆ 1,500. ಗುಣಿಸಿ ನೋಡಿ.

ಕುಂಡದಲ್ಲಿ ಬೆಳೆಯುವವರಿಗೂ ಒಂದು ಮಾತು. ಹೋದ ವರ್ಷದ ಮಣ್ಣಿಗೇ ಮತ್ತೆ ಶುಂಠಿ ಹಾಕಬೇಡಿ. ನೆಲದಲ್ಲಾದರೆ ನಾವು ಮೂರು ವರ್ಷ ಆ ಜಾಗ ಮುಟ್ಟುವುದಿಲ್ಲ. ತಾರಸಿಯವರೇ, ನಿಮ್ಮ ಗಿಡ ಸತ್ತದ್ದು ಸಾಬೂನಿನಿಂದ ಇರಲಿಕ್ಕಿಲ್ಲ. ಹಳೇ ಚೀಲ, ಹಳೇ ಮಣ್ಣು ಅಲ್ವಾ?

ತಾರಸಿ ಲೆಕ್ಕ:
ಹಳೇ ಮಣ್ಣು ಹೌದು, ಬಿಸಿಲಿಗೆ ಒಣಗಿಸಿದ್ದೆ. ನನ್ನದು ಆಟ ಅಂದಿರಲ್ಲ, ಇಲ್ಲಿ ಕೇಳಿದವರು ಎಕರೆಗೆ ಎಷ್ಟು ಚೀಲ ಅಂತ ಕೇಳಿಲ್ಲ. ಬಾಲ್ಕನಿಗೆ ಕೇಳಿದ್ದಾರೆ. ನಿಮ್ಮ ನಷ್ಟದ ಸಿಟ್ಟು ನಮ್ಮ ಮೇಲೆ ಯಾಕೆ?

ಗದ್ದೆ ಬದು:
ಸಿಟ್ಟಲ್ಲ. ಶೇಡ್ ನೆಟ್‌ಗೆ 3,200 ಕೊಟ್ಟವರು ನಮ್ಮ ಶುಂಠಿಗೆ ಹತ್ತು ರೂಪಾಯಿ ಜಾಸ್ತಿ ಕೊಡಲು ಚೌಕಾಶಿ ಮಾಡುತ್ತಾರಲ್ಲ, ಅದಕ್ಕೆ ಹೇಳಿದೆ.

ಅಡಿಗೆಮನಿ ಅಕ್ಕ (ಧಾರವಾಡ):
ಇಬ್ಬರೂ ಸುಮ್ನಿರ್ರಿ. ನನ್ನ ಖರ್ಚು ಸೊನ್ನೆ. ಒಡೆದ ಪ್ಲಾಸ್ಟಿಕ್ ಟಬ್, ಬುಡಕ್ಕೆ ಆರು ತೂತು, ಹಿತ್ತಲ ಮಣ್ಣು, ಸಗಣಿ ಗೊಬ್ಬರ. ಪಾರಿಜಾತದ ನೆರಳಿಗೆ ಇಟ್ಟೆ. ಅಂಗಡಿಯಿಂದ ಚಹಾಕ್ಕೆ ತಂದ ಅಲ್ಲವನ್ನೇ ಹಾಕಿದ್ದು. ಏಳು ವರ್ಷದಿಂದ ನಾನು ಹಸಿ ಅಲ್ಲಕ್ಕೆ ರೊಕ್ಕ ಕೊಟ್ಟಿಲ್ಲ.

ಒಮ್ಮೆ ಮಾತ್ರ ಕೈ ತಪ್ಪಿತ್ತು. ಮೊದಲನೇ ವರ್ಷ ಡಿಸೆಂಬರ್‌ನಲ್ಲಿ ನಾನು ತವರಿಗೆ ಹೋಗಿದ್ದೆ. ಎಲೆ ಎಲ್ಲ ಹಳದಿಯಾಗಿ ಒಣಗಿ ಬಿದ್ದಿದ್ದವು. ಗಿಡ ಸತ್ತಿದೆ ಅಂತ ನಮ್ಮ ಅತ್ತೆಯವರು ಟಬ್ಬನ್ನೇ ತಿಪ್ಪೆಗೆ ಬೋರಲು ಹಾಕಿಸಿದರು. ಬಂದು ನೋಡಿ ಕಣ್ಣೀರು ಬಂತು. ಎಲೆ ಒಣಗಿದರೆ ಅದು ಸತ್ತದ್ದಲ್ಲ, ಕೀಳಲು ಬಂದದ್ದು. ಎಂಟು ಒಂಬತ್ತು ತಿಂಗಳಿಗೆ ಹಾಗೇ ಆಗುತ್ತದೆ. ತಿಪ್ಪೆ ಕೆದರಿ ಆರಿಸಿದೆ, ಒಂದೂವರೆ ಕಿಲೋ ಸಿಕ್ಕಿತು. ಅತ್ತೆಯವರು ಮರುದಿನ ಅದರದೇ ಚಟ್ನಿ ಮಾಡಿ, ನಾನು ಮೊದಲೇ ಹೇಳಿದ್ದೆ ಅಂದರು. ಏನು ಹೇಳಿದ್ದರೋ ಇವತ್ತಿಗೂ ಗೊತ್ತಿಲ್ಲ.

ತಾರಸಿ ಲೆಕ್ಕ:
ಒಂದು ನಿಮಿಷ. "ಹಸಿ ಅಲ್ಲಕ್ಕೆ" ಅಂದರೆ? ಯಾವುದು ಅಲ್ಲ?

ಅಡಿಗೆಮನಿ ಅಕ್ಕ:
ಅಲ್ಲ ಅಂದ್ರೆ ಅಲ್ಲರೀ! ನೀವು ಹಸಿಶುಂಠಿ ಅನ್ನುವುದು. ನಮ್ಮಲ್ಲಿ ಒಣಗಿದ್ದಕ್ಕೆ ಮಾತ್ರ ಶುಂಠಿ ಅನ್ನುತ್ತೇವೆ. ಬಳ್ಳಾರಿಯವರಿಗೆ ಕೇಳಿ ಬೇಕಾದರೆ.

ನಿವೃತ್ತ ಮೇಷ್ಟ್ರು (ಮೈಸೂರು):
ಕ್ಷಮಿಸಿ, ಮೂಲ ವಿಷಯಕ್ಕೆ ಬರೋಣ. ಅಂಗಡಿ ಶುಂಠಿ ನೆಡುವುದನ್ನು ನಾನು ಒಪ್ಪುವುದಿಲ್ಲ. ಯಾವ ತಳಿ, ಯಾವ ಹೊಲದ್ದು, ಯಾವ ರೋಗ ಹೊತ್ತು ಬಂದಿದೆ, ಏನೂ ಗೊತ್ತಿರುವುದಿಲ್ಲ. ಕಲ್ಲಿಕೋಟೆಯ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ವರದ, ಮಹಿಮ, ರೆಜತ ಎಂಬ ತಳಿಗಳನ್ನು ಕೊಟ್ಟಿದೆ. ಅದರ ಒಂದು ಕೇಂದ್ರ ಕೊಡಗಿನ ಅಪ್ಪಂಗಳದಲ್ಲೂ ಇದೆ. ನಾನು ವರದ ಹಾಕಿದ್ದೇನೆ. ನಾರು ಕಡಿಮೆ.

ಬೀಜ ಉಳಿಸುವ ಉಪಾಯವೂ ಇದೆ. ಮಾಮೂಲಿ ವಿಧಾನದಲ್ಲಿ ಒಂದೊಂದು ತುಂಡು 20ರಿಂದ 25 ಗ್ರಾಂ ಇರಬೇಕು. ಅದರ ಬದಲು ಒಂದೇ ಕಣ್ಣಿರುವ 5 ಗ್ರಾಂ ತುಂಡನ್ನು ಸಸಿ ಟ್ರೇಯಲ್ಲಿ ಮೊಳೆಸಿ, 30-40 ದಿನದ ಸಸಿಯನ್ನು ಕುಂಡಕ್ಕೆ ಹಾಕಬಹುದು. ಮೊಳೆಯದ್ದು, ಕೊಳೆತದ್ದು ಟ್ರೇಯಲ್ಲೇ ಗೊತ್ತಾಗುತ್ತದೆ. ನಾನು ಕಳೆದ ವರ್ಷ 50 ತುಂಡು ಇಟ್ಟೆ, 41 ಬಂದವು. ಆ ಒಂಬತ್ತು ಯಾಕೆ ಬರಲಿಲ್ಲ ಎಂದು ಟಿಪ್ಪಣಿ ಮಾಡಿದ್ದೇನೆ. ಮೂರಕ್ಕೆ ಕಣ್ಣೇ ಇರಲಿಲ್ಲ. ಎರಡನ್ನು ತಲೆಕೆಳಗಾಗಿ ಇಟ್ಟಿದ್ದೆ. ನಾಲ್ಕನ್ನು ಮೊಮ್ಮಗ ಕಿತ್ತು ನೋಡಿದ್ದ.

ಗದ್ದೆ ಬದು:
ಮೇಷ್ಟ್ರೇ, ತಲೆಕೆಳಗಾಗಿ ಇಟ್ಟರೂ ಶುಂಠಿ ತಿರುಗಿಕೊಂಡು ಮೇಲೆ ಬರುತ್ತದೆ. ನಮ್ಮ ಆಳುಗಳು ಕಣ್ಣು ನೋಡಿ ಇಡುತ್ತಾರೆ ಅಂದುಕೊಂಡಿರಾ? ಬೇರೇನೋ ಆಗಿರಬೇಕು.

ನಿವೃತ್ತ ಮೇಷ್ಟ್ರು:
ಇರಬಹುದು. ಆದರೆ ಆಗಸ್ಟ್‌ನಲ್ಲಿ ಔಷಧಿ ಸುರಿಯುವ ಬದಲು ನೆಡುವ ಮೊದಲೇ ಬೀಜವನ್ನು ಶಿಲೀಂಧ್ರನಾಶಕ ಮ್ಯಾಂಕೋಜೆಬ್‌ನಲ್ಲಿ, ಲೀಟರಿಗೆ 3 ಗ್ರಾಂ, ಅರ್ಧ ಗಂಟೆ ನೆನೆಸಿ ನೆರಳಲ್ಲಿ ಒಣಗಿಸಿದ್ದಿರಾ? ಅದನ್ನು ನೀವು ಬರೆದಿಲ್ಲ.

ಗದ್ದೆ ಬದು:
ನೆನೆಸಿದ್ದೆ. 12 ಚೀಲ, ಮನೆಮಂದಿ ಎಲ್ಲ ಸೇರಿ, ಎರಡು ದಿನ. ಟ್ರೇ ಅಲ್ಲ, ಡ್ರಮ್ಮು. ರೋಗದ ಬೀಜವೇ ಬಂದಿದ್ದರೆ ಹೊರಗೆ ತೊಳೆದು ಏನು ಮಾಡುತ್ತೀರಿ?

ಹಲಸಿನ ನೆರಳು (ಸುಳ್ಯ):
ನಮ್ಮಲ್ಲಿ ಸಮಸ್ಯೆ ಬಿಸಿಲಲ್ಲ ಮಾರಾಯ್ರೆ, ಮಳೆ. ಸಿಮೆಂಟ್ ಚೀಲದಲ್ಲಿ ಹಾಕಿ ಅಂಗಳದಲ್ಲಿ ಇಟ್ಟರೆ ಜುಲೈಗೆ ಸಾರು. ಮಾಡಿನ (ಸೂರಿನ) ಅಡಿಯಲ್ಲಿ, ನೀರು ಬೀಳದ ಹಾಗೆ, ಎರಡು ಇಟ್ಟಿಗೆ ಮೇಲೆ ಇಡುವುದು ನನ್ನ ಕ್ರಮ. ಮೇಲೆ ದಪ್ಪಕ್ಕೆ ಸೊಪ್ಪು. ಹೋದ ವರ್ಷ ಹೆಗ್ಗಣ ಬಂದು ಐದು ಚೀಲ ಹಾಳು ಮಾಡಿತು. ಬಲೆಗೆ 450, ಬೋನಿಗೆ 600. ಬೋನಿಗೆ ಬಿದ್ದದ್ದು ಪಕ್ಕದ ಮನೆಯ ಬೆಕ್ಕು. ಅವರು ಇನ್ನೂ ಮಾತಾಡುವುದಿಲ್ಲ.

ನಿಜ ಹೇಳಬೇಕೆಂದರೆ ಬಾಲ್ಕನಿಗೆ ಶುಂಠಿಗಿಂತ ಮಾವಿನ ಶುಂಠಿ ಒಳ್ಳೆಯದು. ಶುಂಠಿಯಷ್ಟು ರೋಗ ಇಲ್ಲ. ಉಪ್ಪಿನಕಾಯಿಗೂ ಆಗುತ್ತದೆ, ತಂಬುಳಿಗೂ ಆಗುತ್ತದೆ. ಅದೇ ಕುಟುಂಬದ ಸುಗಂಧಿ ಹೂವಿನ ಗಿಡವೂ ಉಂಟು ನನ್ನಲ್ಲಿ. ಸಂಜೆ ಅರಳಿದರೆ ಇಡೀ ಜಗಲಿ ಘಮ್ಮೆನ್ನುತ್ತದೆ.

ಗದ್ದೆ ಬದು:
ಹೆಗ್ಗಣ ಶುಂಠಿ ತಿನ್ನುತ್ತದಾ? ಎರೆಹುಳಕ್ಕೆ ಕೆದರಿರಬೇಕು. ಮತ್ತೆ ಮಾವಿನ ಶುಂಠಿ ಶುಂಠಿಯೇ ಅಲ್ಲ, ಅರಿಶಿನದ ಜಾತಿ.

ಹಲಸಿನ ನೆರಳು:
ತಿಂದಿತೋ ಕೆದರಿತೋ, ಗಿಡ ಹೋಯಿತಲ್ಲ? ಅರಿಶಿನದ ಜಾತಿ ಅಂತ ನನಗೂ ಗೊತ್ತುಂಟು. ತಂಬುಳಿಗೆ ಜಾತಿ ಕೇಳುವವರು ನೀವೊಬ್ಬರೇ.

ಶಾರ್ಜಾ ಹನ್ನೊಂದನೇ ಮಹಡಿ:
ಬಳ್ಳಾರಿಯವರೇ, ಇಲ್ಲಿ ಬೇಸಿಗೆಯಲ್ಲಿ 45 ದಾಟುತ್ತದೆ. ಊರು ಉಡುಪಿ. ಫೆಬ್ರವರಿಯಲ್ಲಿ ಸೂಪರ್ ಮಾರ್ಕೆಟ್ ಶುಂಠಿಯ 60 ಗ್ರಾಂ ತುಂಡು ನೆಟ್ಟೆ. ಮಣ್ಣಿಗೆ 45 ದಿರ್ಹಮ್, ಕುಂಡಕ್ಕೆ 28. ಐದು ವಾರಕ್ಕೆ ಮೊಳಕೆ. ಮೇ ಹೊತ್ತಿಗೆ ಮೊಣಕಾಲೆತ್ತರ. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಮೇ ಕೊನೆಗೆ ಮೂರೇ ದಿನದಲ್ಲಿ ಎಲೆಗಳು ಹಪ್ಪಳ. ಬಿಸಿಗಿಂತ ಬಿಸಿಗಾಳಿ ಕೊಂದದ್ದು. ಗೋಡೆ ರಾತ್ರಿ ಹನ್ನೊಂದಕ್ಕೂ ಕಾದಿರುತ್ತದೆ.

ಒಳಗೆ ತಂದೆ. ಎಸಿ ಗಾಳಿಗೆ ಕೆಂಪು ನುಸಿ ಹತ್ತಿತು. ಎಲೆಯ ಅಡಿಯನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನನ್ನ ಹೆಂಡತಿ, ಮಗುವಿಗೆ ಇಷ್ಟು ಮಾಡಲಿಲ್ಲ ನೀವು ಅಂದಳು. ಅಕ್ಟೋಬರ್‌ಗೆ ಮತ್ತೆ ಚಿಗುರಿತು. ಡಿಸೆಂಬರ್‌ನಲ್ಲಿ ಕಿತ್ತೆ, 210 ಗ್ರಾಂ. ಮೂರೂವರೆ ಪಟ್ಟು! ಅದರಲ್ಲಿ ಕಷಾಯ ಮಾಡಿ ಕುಡಿದ ದಿನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಕೇಳಿದ್ದು, ಅಲ್ಲಿ ಶುಂಠಿ ಸಿಗುವುದಿಲ್ವಾ ಮಗಾ?

ತಾರಸಿ ಲೆಕ್ಕ:
73 ದಿರ್ಹಮ್‌ಗೆ 210 ಗ್ರಾಂ. ಅಂದರೆ ಕಿಲೋಗೆ ಸುಮಾರು 348 ದಿರ್ಹಮ್. ಎಸಿ ಕರೆಂಟ್ ಬೇರೆ. ಧನ್ಯವಾದ, ನನಗಿಂತ ದುಬಾರಿ ಶುಂಠಿ ಬೆಳೆದವರು ಸಿಕ್ಕಿದರು.

ಬಳ್ಳಾರಿ ಬಾಲ್ಕನಿ:
ಎಲ್ಲರಿಗೂ ಧನ್ಯವಾದ. ಹೌದು, ನಾವೂ ಅಲ್ಲ ಅಂತಲೇ ಅನ್ನುತ್ತೇವೆ. ಬೆಂಗಳೂರು, ಮೈಸೂರು ಕಡೆಯವರೂ ನೋಡಲಿ ಅಂತ ಇಲ್ಲಿ ಶುಂಠಿ ಅಂತ ಬರೆದೆ. ಆದರೆ ನಾನು ಕೇಳಿದ್ದು ಈಗಲೋ ಮಳೆಗೋ, ಕುಂಡವೋ ಚೀಲವೋ. ಮೊಳಕೆ ಇನ್ನರ್ಧ ಇಂಚು ಬೆಳೆದಿದೆ.

ರಾಯಚೂರು ಬಿಸಿಲು:
ನಮ್ಮ ಕಡೆ ಇದ್ದು ಹೇಳುತ್ತಿದ್ದೇನೆ. ಈಗಲೇ ಬಾಲ್ಕನಿಗೆ ಇಡಬೇಡಿ. ಮನೆ ಒಳಗೆ ತಣ್ಣನೆ ಮೂಲೆಯಲ್ಲಿ, ತೇವ ಮಾಡಿದ ಮರಳಲ್ಲಿ ಆ ತುಂಡು ಇಟ್ಟುಬಿಡಿ. ಬೇರು ಬಿಡುತ್ತಿರಲಿ. ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಹೊರಗೆ. ಆಳದ ಕುಂಡ ಬೇಡ, ಅಗಲ ಇರಬೇಕು. ಗಡ್ಡೆ ಅಡ್ಡಕ್ಕೆ ಬೆಳೆಯುತ್ತದೆ. ಕಪ್ಪು ಗ್ರೋ ಬ್ಯಾಗ್ ಕಾದು ಬೇರು ಬೇಯುತ್ತದೆ, ಅದಕ್ಕೆ ಹೊರಗಿಂದ ಹಸಿ ಗೋಣಿ ಸುತ್ತಿ. ಮಣ್ಣಿನ ಕುಂಡವಾದರೆ ಸುಣ್ಣ ಬಳಿಯಿರಿ. ಪಶ್ಚಿಮದ ಕಡೆ ಹಳೇ ಸೀರೆ ಕಟ್ಟಿ. ನಾನು ಹೀಗೆ ಮಾಡಿ ಎರಡು ಸಲ ಸೋತೆ, ಮೂರನೇ ಸಲ 900 ಗ್ರಾಂ ಬಂತು. ಎರಡು ಸಲವೂ ಜಾಸ್ತಿ ನೀರು ಹಾಕಿ ನಾನೇ ಕೊಂದೆ. ಬಿಸಿಲು ಕೊಲ್ಲಲಿಲ್ಲ.

ನಿವೃತ್ತ ಮೇಷ್ಟ್ರು:
ಮರಳಿನ ಬದಲು ಕೋಕೋಪೀಟ್ ಉತ್ತಮ.

ರಾಯಚೂರು ಬಿಸಿಲು:
ನಮ್ಮಲ್ಲಿ ಮರಳೇ ಇರುವುದು ಸರ್.

ಗದ್ದೆ ಬದು:
ಧಾರವಾಡದ ಅಕ್ಕ, ಒಂದು ಕೇಳಬೇಕಿತ್ತು. ಏಳು ವರ್ಷದಲ್ಲಿ ನಿಮ್ಮ ಟಬ್ಬಿಗೆ ಒಮ್ಮೆಯೂ ಕೊಳೆ ಬಂದಿಲ್ವಾ? ಎಲೆ ಸುರುಳಿ ಸುತ್ತಿ ಹಸಿರಿರುವಾಗಲೇ ಜೋತು ಬಿದ್ದದ್ದು? ದಂಟು ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ನಿಲ್ಲಿಸಿದರೆ ಹಾಲಿನಂಥದ್ದು ಇಳಿಯುತ್ತದಾ, ನೋಡಿದ್ದೀರಾ? ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗದ ಗುರುತು.

ಅಡಿಗೆಮನಿ ಅಕ್ಕ:
ಲೋಟದಾಗ ಯಾಕೆ ನಿಲ್ಲಿಸಲಿ? ಏನೂ ಬಂದಿಲ್ಲ. ವರ್ಷಕ್ಕೊಮ್ಮೆ ಟಬ್ಬಿನ ಮಣ್ಣು ಪೂರ್ತಿ ಗುಲಾಬಿಗೆ ಸುರಿದು ಹೊಸದು ತುಂಬುತ್ತೇನೆ.

ಗದ್ದೆ ಬದು:
ಹಾಗಾದರೆ ಒಂದು ಎರಡು ಕಿಲೋ ಬೀಜಕ್ಕೆ ಕೊಡುತ್ತೀರಾ? ಬೇರೆ ಜಾಗದಲ್ಲಿ ಒಂದೇ ಒಂದು ಪಟ್ಟೆ ಹಾಕಿ ನೋಡಬೇಕು ಅಂತಿದೆ. ಪಾರ್ಸೆಲ್ ಖರ್ಚು ನನ್ನದೇ.

ಅಡಿಗೆಮನಿ ಅಕ್ಕ:
ಟಬ್ಬಿನಲ್ಲಿ ಆಟಕ್ಕೆ ಬೆಳೆದದ್ದು ರೀ. ನಿಮಗೆ ನಡೆಯುತ್ತದೇನು?

ಗದ್ದೆ ಬದು:
ನಡೆಯುತ್ತದೆ ಅಕ್ಕ.

ತಾರಸಿ ಲೆಕ್ಕ:
ನನ್ನ ಹತ್ತಿರವೂ 200 ಗ್ರಾಂ ಇದೆ. ಕಿಲೋಗೆ 1,860. ಚೌಕಾಶಿ ಇಲ್ಲ.