ಹೊಸ ಚೈನ್ ಹಾಕಿದರೂ ಕರಕರ ಸದ್ದು, ಏರಿನಲ್ಲಿ ಜಾರುತ್ತದೆ

ಮುಳ್ಳೇರಿಯದಿಂದ:
ನಮಸ್ಕಾರ. ನನ್ನದು 150 ಸಿಸಿ ಬೈಕ್, 38,000 ಕಿ.ಮೀ. ಓಡಿದೆ. ದಿನಾ ಬದಿಯಡ್ಕ, ಸೀತಾಂಗೋಳಿ ದಾಟಿ ಕುಂಬಳೆಗೆ ಕೆಲಸಕ್ಕೆ ಹೋಗುತ್ತೇನೆ. ಮೂರು ತಿಂಗಳ ಹಿಂದೆ ಚೈನ್ ಸಡಿಲವಾಗಿ ಕವರಿಗೆ ಬಡಿಯುತ್ತಿತ್ತು. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಇನ್ನೂ ಓಡುತ್ತದೆ ಎಂದು ವರ್ಕ್‌ಶಾಪಿನಲ್ಲಿ ಚೈನ್ ಮಾತ್ರ ಹೊಸದು ಹಾಕಿದರು. ಮಳೆ ಶುರುವಾದ ಮೇಲೆ ಮತ್ತೆ ಸದ್ದು. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಟಕ್ ಅಂತ ಜಾರುತ್ತದೆ. ಬಿಗಿ ಮಾಡಿಸಿದರೆ ಒಂದು ವಾರ ಸರಿ, ಆಮೇಲೆ ಅದೇ ಕಥೆ. ಗೇರ್‌ಬಾಕ್ಸ್ ಹೋಯಿತಾ ಅಂತ ಹೆದರಿಕೆ ಆಗಿದೆ.

ಕುಂಬಳೆಯಿಂದ:
ಸುಮ್ನೆ ಗೇರ್‌ಬಾಕ್ಸ್ ಬಿಚ್ಚಿಸಬೇಡಿ ಮಾರಾಯ್ರೆ. ಮೊದಲು ಚೈನ್ ಕವರ್ ತೆಗೆದು ಹಿಂದಿನ ಸ್ಪ್ರಾಕೆಟಿನ ಹಲ್ಲು ನೋಡಿ. ದೋಟಿಗೆ ಕಟ್ಟುವ ಕತ್ತಿಯ ಹಾಗೆ ಒಂದು ಬದಿಗೆ ಬಾಗಿದ್ದರೆ ಕಾರಣ ಅಲ್ಲೇ ಇದೆ. ಮುಂದಿನ ಸಣ್ಣದನ್ನೂ ನೋಡಿ. ಅದಕ್ಕೆ ಹಲ್ಲು ಕಡಿಮೆ, ಹಾಗಾಗಿ ಬೇಗ ಸವೆಯುತ್ತದೆ.

ಚೈನ್ ಉದ್ದವಾಗುವುದು ಕಬ್ಬಿಣ ಹಿಗ್ಗಿ ಅಲ್ಲ. ಪ್ರತಿ ಕೊಂಡಿಯ ಪಿನ್ನು, ಅದು ಕೂರುವ ಬುಶ್ (ಸಣ್ಣ ಕೊಳವೆ) ಕೂದಲೆಳೆಯಷ್ಟು ಸವೆಯುತ್ತದೆ. ನೂರಕ್ಕೂ ಹೆಚ್ಚು ಕೊಂಡಿಗಳ ಸವೆತ ಸೇರಿದರೆ ಕಣ್ಣಿಗೆ ಕಾಣುವಷ್ಟು ಉದ್ದ. ಹಳೆ ಸ್ಪ್ರಾಕೆಟಿನ ಹಲ್ಲು ಆ ಉದ್ದಕ್ಕೆ ಹೊಂದಿಕೊಂಡೇ ಸವೆದಿರುತ್ತದೆ. ಅದರ ಮೇಲೆ ಹೊಸ ಚೈನ್ ಸರಿಯಾಗಿ ಕೂರುವುದಿಲ್ಲ. ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬಿದ್ದು ಹೊಸದೂ ಬೇಗ ಹಾಳಾಗುತ್ತದೆ. ಚೈನ್, ಎರಡು ಸ್ಪ್ರಾಕೆಟ್, ಮೂರನ್ನೂ ಒಟ್ಟಿಗೇ ಹಾಕಬೇಕು. ಇದರಲ್ಲಿ ಉಳಿಸಲು ಹೋದರೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಅಳೆದು ನೋಡಿ. ನಿಮ್ಮದು 428 ಅಳತೆಯ ಚೈನ್ ಆಗಿದ್ದರೆ 20 ಕೊಂಡಿ, ಅಂದರೆ ಮೊದಲ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿಗೆ, ಹೊಸದರಲ್ಲಿ 254 ಮಿ.ಮೀ. ಎಳೆದು ಹಿಡಿದು ಅಳೆದಾಗ 259 ಬಂದರೆ ಆಯುಸ್ಸು ಮುಗಿಯಿತು ಎಂದೇ ಲೆಕ್ಕ.

ಮುಳ್ಳೇರಿಯದಿಂದ:
ಅಳೆದೆ ಅಣ್ಣ. ಮೂರೇ ತಿಂಗಳ ಚೈನು, 258 ಇದೆ! ಹಲ್ಲು ನೀವು ಹೇಳಿದ ಹಾಗೆಯೇ ಬಾಗಿದೆ. ಪೂರ್ತಿ ಕವರ್ ಇರುವುದರಿಂದ ಇಷ್ಟು ದಿನ ನೋಡಿಯೇ ಇರಲಿಲ್ಲ. ಮನೆಯಲ್ಲೇ ಬದಲಿಸಬಹುದಾ?

ಮಂಜೇಶ್ವರದಿಂದ:
ಖಂಡಿತ ಆಗುತ್ತದೆ. ಆದರೆ ಹಳೆ ಚೈನ್ ಮೊದಲು ತೆಗೆಯಬೇಡಿ. ಚೈನ್ ಇರುವಾಗಲೇ ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ, ನೀವು ಮುಂದಿನ ಸ್ಪ್ರಾಕೆಟಿನ ಬೋಲ್ಟ್ ಸಡಿಲಿಸಿ. ಇಲ್ಲದಿದ್ದರೆ ಅದು ಸುತ್ತುತ್ತಲೇ ಇರುತ್ತದೆ. ಹೊಸ ಚೈನ್, ಸ್ಪ್ರಾಕೆಟ್‌ಗಳ ಕಿಟ್ ತರುವ ಮೊದಲು ಹಳೆ ಸ್ಪ್ರಾಕೆಟ್‌ಗಳ ಹಲ್ಲು ಎಣಿಸಿಕೊಳ್ಳಿ.

ಚಕ್ರ ಬಿಚ್ಚಿದಾಗ ಹಬ್ಬಿನ (ಚಕ್ರದ ನಡುಭಾಗದ) ಒಳಗಿನ ರಬ್ಬರ್ ನೋಡಿ. ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿದರೆ ಹಿಂದೆ ಮುಂದೆ ಜಾಸ್ತಿ ಆಡುತ್ತಿದ್ದರೆ ಅದನ್ನೂ ಬದಲಿಸಿ. ಚೈನಿನ ಎರಡು ತುದಿ ಸೇರಿಸುವ ಲಾಕಿನ ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಇದು ತಪ್ಪಿದರೆ ದಾರಿಯಲ್ಲೇ ಕ್ಲಿಪ್ ಹಾರಬಹುದು, ದಯವಿಟ್ಟು ಎರಡು ಸಲ ನೋಡಿ.

ಇನ್ನು ಬಿಗಿ. ಗಾಡಿಯ ಪುಸ್ತಕದಲ್ಲಿ ಇರುವಷ್ಟೇ ಸಡಿಲ ಬಿಡಿ, ಚೈನಿನ ನಡುವನ್ನು ಮೇಲೆ ಕೆಳಗೆ ಆಡಿಸಿದಾಗ 20ರಿಂದ 30 ಮಿ.ಮೀ. ಸಾಮಾನ್ಯ. ಚಕ್ರ ತಿರುಗಿಸುತ್ತಾ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲೇ ಅಳೆಯಿರಿ. ಸದ್ದು ಹೋಗಲಿ ಅಂತ ತಂತಿಯ ಹಾಗೆ ಎಳೆದರೆ ಗೇರ್‌ಬಾಕ್ಸಿನ ಬೇರಿಂಗಿಗೇ ಪೆಟ್ಟು.

ಕುಂಬಳೆಯಿಂದ:
ಇನ್ನೊಂದು ಮಾತು. ಸುಟ್ಟ ಇಂಜಿನ್ ಆಯಿಲ್ ಮಾತ್ರ ಹಚ್ಚಬೇಡಿ, ಅದರಲ್ಲಿ ಲೋಹದ ಹುಡಿ ಇರುತ್ತದೆ. ನಮ್ಮ ಕೆಂಪು ಮುರಕಲ್ಲಿನ ಹುಡಿ ಚೈನಿಗೆ ಅಂಟಿದರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೆ. ಸೀಮೆಎಣ್ಣೆಯಲ್ಲಿ ತೊಳೆದು, ಒರಸಿ, 90 ನಂಬರಿನ ಗೇರ್ ಆಯಿಲ್ ಕೊಂಡಿಗಳ ಒಳಬದಿಗೆ ಬಿಡಿ. 500 ಕಿ.ಮೀ.ಗೊಮ್ಮೆ ಸಾಕು, ಆದರೆ ಮಳೆಗಾಲದಲ್ಲಿ ನೆನೆದು ಬಂದ ಸಂಜೆಯೇ ಹಾಕಿದರೆ ಒಳ್ಳೆಯದು. ತೊಳೆಯುವಾಗ ಇಂಜಿನ್ ಆಫ್ ಇರಲಿ. ಗೇರಿಗೆ ಹಾಕಿ ಚಕ್ರ ತಿರುಗಿಸಿ ಬೆರಳು ಕಳೆದುಕೊಂಡವರಿದ್ದಾರೆ.

ಮುಳ್ಳೇರಿಯದಿಂದ:
ಭಾನುವಾರ ತಮ್ಮನನ್ನು ಬ್ರೇಕ್ ಮೇಲೆ ನಿಲ್ಲಿಸಿ ಮೂರನ್ನೂ ಬದಲಿಸಿದೆ. ಹಬ್ಬಿನ ರಬ್ಬರೂ ಚಪ್ಪಟೆಯಾಗಿತ್ತು, ಅದೂ ಹೊಸದು. 300 ಕಿ.ಮೀ. ಆದ ಮೇಲೆ ನೋಡಿದರೆ ಸಡಿಲ 35 ಆಗಿತ್ತು, ಮತ್ತೆ 25ಕ್ಕೆ ತಂದೆ. ಏರಿನಲ್ಲಿ ಈಗ ಜಾರುವುದಿಲ್ಲ. ನಿಮಗಿಬ್ಬರಿಗೂ ತುಂಬಾ ಉಪಕಾರ ಆಯಿತು ಅಣ್ಣ.