ಕೊತ್ತಂಬರಿ ಸೊಪ್ಪು ಬಾಯಿಗಿಟ್ರೆ ಸೋಪಿನ ವಾಸನೆ, ಮನೇಲಿ ಯಾರೂ ನಂಬಲ್ಲ

ಉಪ್ಪುಖಾರ_ಸಾಕು:

ನಮಸ್ಕಾರ ಎಲ್ರಿಗೂ. ಚಿಕ್ಕ ವಿಷಯ ಅನ್ಸಬಹುದು, ಆದ್ರೆ ನಮ್ಮನೇಲಿ ಊಟಕ್ಕೆ ಕೂತಾಗೆಲ್ಲ ಇದೇ ಮಾತು. ನಂಗೆ ಹಸಿ ಕೊತ್ತಂಬರಿ ಸೊಪ್ಪು ಆಗಲ್ಲ. ಆಗಲ್ಲ ಅಂದ್ರೆ ಅಷ್ಟಾಗಿ ಸೇರಲ್ಲ ಅಂತಲ್ಲ, ಒಂದು ಚೂರು ಹಲ್ಲಿಗೆ ಸಿಕ್ರೂ ಸಾಕು, ಸೋಪ್ ಸರಿಯಾಗಿ ಹೋಗದೇ ಇರೋ ತಟ್ಟೇಲಿ ಊಟ ಮಾಡ್ದಂಗೆ ಆಗುತ್ತೆ, ಆಮೇಲೆ ಏನ್ ತಿಂದ್ರೂ ಅದೇ. ನನ್ ಹೆಂಡ್ತಿಗೆ ಅದು ಬೀಳದೆ ಅಡುಗೆ ಮುಗಿಯೋದೇ ಇಲ್ಲ, ಸಾರು ಇಳಿಸಿ ಮುಚ್ಚಳ ಹಾಕೋ ಮುಂಚೆ ಒಂದು ಹಿಡಿ ಉದುರಿಸ್ಲೇಬೇಕು. ನಾನು ಸೌಟಲ್ಲಿ ಮೇಲಿನ ಸೊಪ್ಪೆಲ್ಲ ಆ ಕಡೆ ತಳ್ಳಿ ಮೆಲ್ಲಗೆ ಅಡೀಲಿರೋದನ್ನ ಬಡಿಸ್ಕೋತೀನಿ, ಆದ್ರೂ ಒಂದೆರಡು ಚೂರು ಕಳ್ಳರ ಹಂಗೆ ಬಂದೇ ಬರುತ್ತೆ, ಅದನ್ನ ಬೆರಳಲ್ಲಿ ಎತ್ತಿ ತಟ್ಟೆ ಅಂಚಿಗೆ ಅಂಟಿಸ್ತೀನಿ. ಅತ್ತೆಯವರು ನೋಡಿ ಏನೂ ಅನ್ನಲ್ಲ, ಆದ್ರೆ ಅಂಚಲ್ಲಿರೋ ಸಾಲನ್ನ ನೋಡ್ತಾರೆ ನೋಡಿ, ಅದೇ ಸಾಕು.

ಇನ್ನೊಂದು ಎಡವಟ್ಟು ಅಂದ್ರೆ ಧನಿಯಾ ಪುಡಿ ನಂಗೆ ತುಂಬಾ ಇಷ್ಟ. ಅದನ್ನ ಬಾಯಿ ತಪ್ಪಿ ಹೇಳಿದ್ರೆ ನನ್ ಕೇಸ್ ಅಲ್ಲೇ ವಜಾ. ಬೀಜ ಆಗುತ್ತೆ, ಅದೇ ಗಿಡದ ಎಲೆ ಆಗಲ್ಲ ಅಂದ್ರೆ ಯಾರು ತಾನೇ ನಂಬ್ತಾರೆ?

ಇದು ನಿಜವಾಗ್ಲೂ ನಾಲಿಗೆಗೋ ಮೂಗಿಗೋ ಸಂಬಂಧಪಟ್ಟಿದ್ದಾ ಅಥವಾ ಬರೀ ತಲೇಲಿ ಕೂತಿರೋದಾ? ತಿಂತಾ ತಿಂತಾ ಅಭ್ಯಾಸ ಆಗುತ್ತಾ? ಇಬ್ರೂ ಒಂದೇ ಪಾತ್ರೆ ಅಡುಗೆ ಉಣ್ಣೋಕೆ ಏನಾದ್ರೂ ದಾರಿ ಇದ್ರೆ ಹೇಳಿ.


ಒಗ್ಗರಣೆ_ಪ್ರಿಯ:

ಅಯ್ಯೋ ಗುರು, ನಾನು ಸೊಪ್ಪು ಬಿಡಿಸ್ತಾ ಕೂತಾಗ್ಲೇ ಒಂದೊಂದು ಎಲೆ ಬಾಯಿಗೆ ಹಾಕ್ಕೊಳೋನು. ನಂಗಂತೂ ಅದು ನಿಂಬೆ ಸಿಪ್ಪೆ ಕೆರೆದಾಗ ಬರೋ ಥರ ಘಮ್ ಅನ್ನುತ್ತೆ. ಸೋಪ್ ಎಲ್ಲಿಂದ ಬಂತು ಮಾರಾಯ? ಸೊಪ್ಪು ಸರಿಯಾಗಿ ತೊಳೀತಿದೀರಾ ಮೊದ್ಲು ನೋಡ್ಕೊಳ್ಳಿ, ಬೇರಿನ ಹತ್ರ ಮಣ್ಣು ಉಳಿದ್ರೂ ಒಂಥರಾ ವಾಸನೆ ಬರುತ್ತೆ.


ಉಪ್ಪುಖಾರ_ಸಾಕು:

ತೊಳೆಯೋ ಡ್ಯೂಟಿ ನಂದೇ ಸ್ವಾಮಿ. ನೀರು ತಿಳಿ ಆಗೋವರೆಗೂ ಅದ್ದಿ ಅದ್ದಿ ತೆಗೀತೀನಿ, ಆಮೇಲೆ ಕೈ ವಾಸನೆ ಹೋಗ್ಲಿ ಅಂತ ಸೋಪ್ ಹಾಕಿ ಕೈ ತೊಳೀತೀನಿ, ವ್ಯತ್ಯಾಸನೇ ಗೊತ್ತಾಗಲ್ಲ.


ಪ್ರನಾಳ_ಪಂಡಿತ:

ನಾಟಕನೂ ಅಲ್ಲ, ತೊಳೆದಿದ್ದು ಸಾಲ್ದೆ ಬಂದಿದ್ದೂ ಅಲ್ಲ. ಕೊತ್ತಂಬರಿ ಎಲೆಯ ಘಮಕ್ಕೆ ಮುಖ್ಯ ಕಾರಣ ಆಲ್ಡಿಹೈಡ್ ಅನ್ನೋ ಗುಂಪಿನ ಪದಾರ್ಥಗಳು, ಡೆಕನಾಲ್, ಡೆಸೆನಾಲ್, ಡೋಡೆಸೆನಾಲ್ ಅಂತೆಲ್ಲ ಹೆಸರು. ಇದೇ ಥರದ ಆಲ್ಡಿಹೈಡ್‌ಗಳು ಸೋಪ್ ತಯಾರಾಗುವಾಗ್ಲೂ ಬರ್ತವೆ, ಸೆಂಟ್‌ಗೂ ಬೆರೆಸ್ತಾರೆ. ಕೆಲವು ಹುಳ ಮುಟ್ಟಿದ ತಕ್ಷಣ ಗಬ್ಬು ವಾಸನೆ ಬಿಡ್ತವಲ್ಲ, ಅದರಲ್ಲೂ ಇವೇ ನೆಂಟ್ರು ಇರ್ತಾರೆ. ತಿಗಣೆ ಹೊಸಕಿದ ವಾಸನೆ ಬರುತ್ತೆ ಅಂತ ಕೆಲವ್ರು ಹೇಳೋದೂ ಅದಕ್ಕೇ. ಅಂದ್ರೆ ನೀವು ಸೋಪ್ ಅಂದಾಗ ನಿಮ್ಮ ಮೂಗು ಸುಳ್ಳು ಹೇಳ್ತಿಲ್ಲ, ಇರೋದನ್ನೇ ಹೇಳ್ತಿದೆ. ಒಗ್ಗರಣೆ_ಪ್ರಿಯ ಅವರ ನಿಂಬೆ ಸಿಪ್ಪೆನೂ ಸುಳ್ಳಲ್ಲ ಬಿಡಿ, ಕಿತ್ತಳೆ ಸಿಪ್ಪೆ ಘಮದಲ್ಲೂ ಡೆಕನಾಲ್ ಇದೆ. ಒಂದೇ ಎಲೆ, ಒಬ್ಬರ ಮೂಗು ಅದರಲ್ಲಿ ಒಂದನ್ನ ಎತ್ತಿ ಹಿಡಿಯುತ್ತೆ, ಇನ್ನೊಬ್ಬರದ್ದು ಇನ್ನೊಂದನ್ನ.

ಧನಿಯಾ ವಿಷಯಕ್ಕೆ ಬಂದ್ರೆ ನಿಮ್ ಕೇಸ್ ವಜಾ ಆಗಲ್ಲ, ಗಟ್ಟಿನೇ ಆಗುತ್ತೆ. ಕಾಯಿ ಹಸಿರಾಗಿರೋವಾಗ ಅದಕ್ಕೂ ಎಲೆಯಂಥದ್ದೇ ವಾಸನೆ. ಬಲಿತು ಒಣಗ್ತಾ ಒಣಗ್ತಾ ಆಲ್ಡಿಹೈಡ್ ಕಮ್ಮಿಯಾಗಿ ಲಿನಲೂಲ್ ಅನ್ನೋದು ಮುಂದಕ್ಕೆ ಬರುತ್ತೆ, ಅದು ಲ್ಯಾವೆಂಡರ್ ಹೂವಲ್ಲೂ ಇರೋದು. ಗಿಡ ಒಂದೇ ಆದ್ರೂ ಎಲೆಗೂ ಒಣಗಿದ ಬೀಜಕ್ಕೂ ವಾಸನೆ ಲೆಕ್ಕದಲ್ಲಿ ಸಂಬಂಧ ದೂರ.

ಮನೇಲಿ ನಂಬಿಸ್ಬೇಕು ಅಂದ್ರೆ ಒಂದು ಆಟ ಇದೆ. ಮೂಗು ಬಿಗಿಯಾಗಿ ಹಿಡ್ಕೊಂಡು ಎರಡು ಎಲೆ ಅಗೀರಿ. ಸೋಪ್ ಇರಲ್ಲ, ಬರೀ ಹಸಿ ಸೊಪ್ಪು, ಸ್ವಲ್ಪ ಕಹಿ, ಅಷ್ಟೇ. ಅಗೀತಾ ಇರೋವಾಗ್ಲೇ ಮೂಗು ಬಿಡಿ. ಬಾಯಿ ಹಿಂದಿನಿಂದ ಗಾಳಿ ಮೂಗಿಗೆ ಏರುತ್ತಲ್ಲ, ಆವಾಗ ಬರುತ್ತೆ ನೋಡಿ. ನಾವು ರುಚಿ ರುಚಿ ಅಂತೀವಲ್ಲ, ಕೊತ್ತಂಬರಿ ಮಟ್ಟಿಗೆ ಅದು ಪೂರ್ತಿ ಮೂಗಿನ ಕಾರಬಾರು. ಅತ್ತೆಯವರಿಗೂ ಮಾಡಿಸಿ, ಅವರಿಗೆ ಮೂಗು ಬಿಟ್ಟಾಗ ಘಮ ಬರುತ್ತೆ, ನಿಮಗೆ ಸೋಪ್ ಬರುತ್ತೆ, ಇಬ್ರಿಗೂ ಒಂದೇ ಕ್ಷಣದಲ್ಲಿ.


ಅನುಮಾನಿ:

ಈಗ ಯಾರಾದ್ರೂ ಬಂದು ಎಲ್ಲಾ ಜೀನ್ ಅಂತ ಹೇಳೇ ಹೇಳ್ತಾರೆ, ಅದಕ್ಕೆ ಮುಂಚೆನೇ ಬರೀತಿದೀನಿ. 2012ರಲ್ಲಿ ಡಿಎನ್ಎ ಟೆಸ್ಟ್ ಮಾಡಿಕೊಡೋ 23ಆಂಡ್‌ಮಿ ಅನ್ನೋ ಕಂಪನಿಯವರು ಯುರೋಪ್ ಮೂಲದ ಸುಮಾರು 14,600 ಜನರನ್ನ ಕೊತ್ತಂಬರಿ ಸೋಪ್ ಥರ ಅನ್ಸುತ್ತಾ ಅಂತ ಕೇಳಿ ಅವರ ಡಿಎನ್ಎ ಜೊತೆ ಹೋಲಿಸಿದ್ರು, ಆಮೇಲೆ ಇನ್ನೂ ಸುಮಾರು 11,800 ಜನರಲ್ಲಿ ಇಷ್ಟ ಇದೆಯಾ ಇಲ್ವಾ ಅಂತ ನೋಡಿದ್ರು. ವಾಸನೆ ಹಿಡಿಯೋ ಜೀನ್‌ಗಳ ಒಂದು ಗುಂಪಿನ ಹತ್ರ ಒಂದು ಸಣ್ಣ ವ್ಯತ್ಯಾಸ ಸಿಕ್ತು. ಆ ಗುಂಪಲ್ಲಿರೋ ಓಆರ್6ಎ2 ಅನ್ನೋ ಜೀನ್‌ನಿಂದ ಬರೋ ರಿಸೆಪ್ಟರ್, ಅಂದ್ರೆ ಮೂಗಲ್ಲಿ ವಾಸನೆ ಹಿಡಿಯೋ ಭಾಗ, ಆಲ್ಡಿಹೈಡ್‌ಗಳನ್ನ ಚೆನ್ನಾಗಿ ಹಿಡಿಯುತ್ತೆ, ಹಾಗಾಗಿ ಎಲ್ರ ಬೆರಳೂ ಅದರ ಕಡೆಗೇ. ಇಷ್ಟು ಎಲ್ಲಾ ಕಡೆ ಓಡಾಡ್ತಿರುತ್ತೆ. ಓಡಾಡದೇ ಇರೋದು ಏನಂದ್ರೆ ಅದೇ ಲೇಖನದಲ್ಲೇ ಅವರು ಬರೆದಿದ್ದು, ಇಷ್ಟ ಕಷ್ಟದಲ್ಲಿ ಆ ಸಾಮಾನ್ಯ ಜೀನ್ ವ್ಯತ್ಯಾಸಗಳ ಪಾಲು ಬಹಳ ಕಮ್ಮಿ ಅಂತ. ಹಾಗಾಗಿ ಜೀನ್ ಟೆಸ್ಟ್ ರಿಪೋರ್ಟ್ ತಂದು ಅತ್ತೆ ಮುಂದೆ ಇಡೋ ಯೋಚ್ನೆ ಇದ್ರೆ ಬಿಡಿ, ದುಡ್ಡು ದಂಡ.

ರೂಢಿಗೂ ದೊಡ್ಡ ಪಾಲಿದೆ ಅಂತ ನನ್ನ ಅನಿಸಿಕೆ. ಅದೇ ವರ್ಷ ಟೊರೊಂಟೊದಲ್ಲಿ 20ರಿಂದ 29 ವಯಸ್ಸಿನವರನ್ನ ಕೇಳಿ ಮಾಡಿದ ಇನ್ನೊಂದು ಅಧ್ಯಯನ ಇದೆ. ಸೇರಲ್ಲ ಅಂದವರು ಪೂರ್ವ ಏಷ್ಯಾ ಮೂಲದವರಲ್ಲಿ 21%, ಯುರೋಪ್ ಮೂಲದವರಲ್ಲಿ 17%, ದಕ್ಷಿಣ ಏಷ್ಯಾದವರಲ್ಲಿ 7%, ಮಧ್ಯಪ್ರಾಚ್ಯದವರಲ್ಲಿ 3%. ಸೊಪ್ಪು ದಿನಾ ಅಡುಗೆಗೆ ಬೀಳೋ ಕಡೆ ದ್ವೇಷಿಗಳು ಕಮ್ಮಿ. ಇದು ಜೀನಾ, ಅಭ್ಯಾಸನಾ ಅಂತ ಆ ಅಂಕಿಯಿಂದ ಬೇರೆ ಮಾಡೋಕಾಗಲ್ಲ, ಎರಡೂ ಕಲೆಸಿಕೊಂಡಿದೆ. ಆದ್ರೆ ಚಿಕ್ಕಂದಿನಿಂದ ಇಷ್ಟವಾದ ಊಟದ ಜೊತೆ ಮೂಗಿಗೆ ಬಿದ್ದ ವಾಸನೆಯನ್ನ ಮೆದುಳು ಊಟ ಅಂತ ಬರ್ಕೊಳುತ್ತೆ, ಬಾತ್‌ರೂಮಲ್ಲಿ ಮೊದಲು ಬಿದ್ದಿದ್ದನ್ನ ಸೋಪ್ ಅಂತ ಬರ್ಕೊಳುತ್ತೆ, ಅಷ್ಟರಮಟ್ಟಿಗೆ ಅದನ್ನ ತಿದ್ದೋಕೂ ಆಗುತ್ತೆ ಅನ್ಸುತ್ತೆ ನಂಗೆ.


ಸೊಪ್ಪು_ಬೇಡ_ಸಂಘ:

ತಿದ್ದೋಕೆ ಆಗುತ್ತಂತೆ! ಯಾಕ್ರೀ ತಿದ್ಬೇಕು? ಬದನೆಕಾಯಿ ಬೇಡ ಅಂದ್ರೆ ಸರಿ ಬಿಡು ಅಂತಾರೆ, ಹಾಲು ಸೇರಲ್ಲ ಅಂದ್ರೆ ಸರಿ ಬಿಡು ಅಂತಾರೆ, ಕೊತ್ತಂಬರಿ ಬೇಡ ಅಂದ್ರೆ ಮಾತ್ರ ಊರಿಗೆ ಊರೇ ಟೀಚರ್ ಆಗುತ್ತೆ. "ಸ್ವಲ್ಪೇ ಸ್ವಲ್ಪ ಹಾಕಿದೀನಿ, ಗೊತ್ತೇ ಆಗಲ್ಲ" ಅಂತಾರಲ್ಲ, ಆ ಸ್ವಲ್ಪನೇ ಸಾರ್ ನಮಗೆ ಮೊದಲು ಗೊತ್ತಾಗೋದು. ಬೇರೆಯವರಿಗೆ ಗೊತ್ತಾಗದೇ ಇರೋ ಅಷ್ಟು ಕಮ್ಮಿ ಇದ್ರೂ ನಮಗೆ ಪಾತ್ರೆ ಪೂರ್ತಿ ಅದೇ. ಹೇಳ್ದೆ ಅರೆದು ಹಾಕಿ ಆಮೇಲೆ "ನೋಡು ತಿಂದ್ಬಿಟ್ಟೆ" ಅಂತ ಚಪ್ಪಾಳೆ ತಟ್ಟೋರನ್ನಂತೂ ನಾನು ಕ್ಷಮಿಸಲ್ಲ.

ಜೂಲಿಯಾ ಚೈಲ್ಡ್ ಗೊತ್ತಲ್ಲ, ಟೀವೀಲಿ ಅಡುಗೆ ಕಲಿಸಿ ಹೆಸರು ಮಾಡಿದ ಅಮೆರಿಕದ ಅಜ್ಜಿ. ಅವರಿಗೂ ಇದು ಆಗ್ತಿರ್ಲಿಲ್ಲ. 2002ರಲ್ಲಿ ಟೀವಿ ಸಂದರ್ಶನದಲ್ಲಿ ಲ್ಯಾರಿ ಕಿಂಗ್ ಕೇಳಿದಾಗ, ತಟ್ಟೇಲಿ ಕಂಡ್ರೆ ಆರಿಸಿ ನೆಲಕ್ಕೆ ಎಸೀತೀನಿ ಅನ್ನೋ ಅರ್ಥದಲ್ಲಿ ನೇರವಾಗೇ ಹೇಳ್ಬಿಟ್ರು. ನೀವು ಪಾಪ ತಟ್ಟೆ ಅಂಚಿಗೆ ಅಂಟಿಸ್ತಿದೀರಾ, ಇನ್ನೂ ಸಭ್ಯರೇ.

ಒಂದು ಮಾತ್ರ ಸೀರಿಯಸ್ ಆಗಿ ಕೇಳ್ತೀನಿ, ಬರೀ ವಾಸನೆನಾ ಅಥವಾ ತಿಂದಾಗ ತುಟಿ ಊದೋದು, ಬಾಯಿ ಗಂಟಲು ತುರಿಸೋದು ಏನಾದ್ರೂ ಇದೆಯಾ? ಹಾಗಿದ್ರೆ ಅದು ಅಲರ್ಜಿ ಇರಬಹುದು, ಬೇರೆನೇ ವಿಷಯ. ಸೆಲೆರಿ, ಕ್ಯಾರೆಟ್, ಸೋಂಪು ಎಲ್ಲ ಕೊತ್ತಂಬರಿ ಕುಟುಂಬದವೇ, ಒಂದಕ್ಕೆ ಆಗದವರಿಗೆ ಇನ್ನೊಂದಕ್ಕೂ ಆಗದೆ ಇರಬಹುದು. ಆವಾಗ ಅಭ್ಯಾಸ ಗಿಭ್ಯಾಸ ಅಂತ ಪ್ರಯೋಗ ಮಾಡ್ದೆ ಡಾಕ್ಟರ್ ಹತ್ರ ಹೋಗಿ.


ಉಪ್ಪುಖಾರ_ಸಾಕು:

ಇಲ್ಲ ಇಲ್ಲ, ತುರಿಕೆ ಏನಿಲ್ಲ, ಕ್ಯಾರೆಟ್ಟೂ ಸೋಂಪೂ ಆರಾಮಾಗಿ ತಿಂತೀನಿ. ಮೂಗಿನ ಆಟ ನಿನ್ನೆ ರಾತ್ರಿ ಆಡಿದ್ವಿ. ಹೆಂಡ್ತಿ ನಕ್ಕು ನಕ್ಕು ಸುಸ್ತು, ಅತ್ತೆಯವರು ಮಾತ್ರ ಮೂಗು ಬಿಟ್ಟು ಹಿಡಿದು ಗಂಭೀರವಾಗಿ ನೋಡಿ "ಹೌದಲ್ಲೋ, ಮೂಗಿಲ್ದೆ ಇದು ಏನೂ ಅಲ್ಲ" ಅಂದ್ರು. ನಂಬಿದ್ರೋ ಇಲ್ವೋ ಹೇಳ್ಲಿಲ್ಲ. ಸೊಪ್ಪು_ಬೇಡ_ಸಂಘ, ನಿಮ್ ಕೋಪ ಅರ್ಥ ಆಗುತ್ತೆ, ಆದ್ರೆ ನಂಗೆ ಒಂದೇ ಮನೇಲಿ ಎರಡು ಅಡುಗೆ ಬೇಡ ಅನ್ನೋದಷ್ಟೇ. ಅಡುಗೆ ಮಾಡೋರು ಯಾರಾದ್ರೂ ಹೇಳಿ.


ಸೌಟು_ಹಿಡಿದ_ಅಕ್ಕ:

ಬಂದೆ. ನಮ್ಮನೇಲಿ ದೊಡ್ಡ ಮಗಂಗೆ ಬೇಕು, ಚಿಕ್ಕೋನಿಗೆ ಬೇಡ. ಹಾಗಾಗಿ ಇದು ನಂಗೆ ಓದಿ ಗೊತ್ತಾಗಿದ್ದಲ್ಲ, ಬೈಸ್ಕೊಂಡು ಗೊತ್ತಾಗಿದ್ದು.

ಮೊದಲನೇದು, ಆ ವಾಸನೆ ಹಾರಿಹೋಗೋ ಜಾತಿದು. ಇಳಿಸಿದ ಮೇಲೆ ಉದುರಿಸಿ ಮುಚ್ಚಳ ಮುಚ್ಚೋದು ಅಂದ್ರೆ ಹಾರೋಕೆ ಹೊರಟಿದ್ದನ್ನ ಒಳಗೇ ಕೂಡಿ ಹಾಕ್ದಂಗೆ, ಇಷ್ಟ ಇರೋರಿಗೆ ಅದೇ ಬೇಕು, ನಿಮಗೆ ಅದೇ ಕಷ್ಟ. ಅದನ್ನೇ ಈರುಳ್ಳಿ ಹುರಿಯೋವಾಗ ಹಾಕಿ ಚೆನ್ನಾಗಿ ಬಾಡಿಸಿದ್ರೆ ಅಥವಾ ಮುಚ್ಚಳ ತೆಗೆದು ಕುದಿಸಿದ್ರೆ ಸೋಪ್ ಮುಕ್ಕಾಲು ಪಾಲು ಹೋಗಿ ಸುಮ್ನೆ ಸೊಪ್ಪಿನ ರುಚಿ ಉಳಿಯುತ್ತೆ. ಚಿಕ್ಕೋನು ಹಾಗೆ ಬೇಯಿಸಿದ್ದನ್ನ ಸದ್ದಿಲ್ದೆ ತಿಂತಾನೆ. ಗೊತ್ತಿದ್ದೇ ತಿಂತಾನೆ, ನಾನು ಮುಚ್ಚಿಡಲ್ಲ, ಸೊಪ್ಪು_ಬೇಡ_ಸಂಘದವರು ಹೇಳಿದ್ದು ನೂರಕ್ಕೆ ನೂರು ಸರಿ, ಒಂದ್ಸಲ ಮೋಸ ಮಾಡಿದ್ರೆ ಆಮೇಲೆ ಕರಿಬೇವನ್ನೂ ಮೂಸಿ ನೋಡಿ ತಿಂತಾರೆ.

ಎರಡನೇದು ಅರೆಯೋದು. ಕತ್ತರಿಸಿದ ತಕ್ಷಣ ವಾಸನೆ ಜೋರು. ಆದ್ರೆ ನುಣ್ಣಗೆ ಅರೆದು ಸ್ವಲ್ಪ ಹೊತ್ತು ಹಾಗೇ ಬಿಟ್ರೆ ಎಲೆ ಒಳಗಿರೋ ಎಂಜೈಮ್‌ಗಳು ಆ ಆಲ್ಡಿಹೈಡನ್ನ ನಿಧಾನವಾಗಿ ಮುರಿದು ಹಾಕ್ತವೆ, ಪಂಡಿತರು ಬೇಕಾದ್ರೆ ವಿವರ ಹೇಳ್ತಾರೆ. ನಂಗೆ ಗೊತ್ತಿರೋದು ಚಟ್ನಿ ಅರೆದ ಕೂಡ್ಲೇ ಬಡಿಸಿದ್ರೆ ಇವನು ಮುಖ ಸಿಂಡರಿಸ್ತಾನೆ, ಬೆಳಿಗ್ಗೆ ಅರೆದಿದ್ದನ್ನ ಮಧ್ಯಾಹ್ನ ಕೊಟ್ರೆ ಬೆರಳ ತುದೀಲಿ ಮುಟ್ಟಿ ನೋಡಿ ಆಮೇಲೆ ಹಾಕ್ಕೋತಾನೆ. ಜೊತೆಗೆ ಬೆಳ್ಳುಳ್ಳಿ, ಹಸಿಮೆಣಸು, ನಿಂಬೆರಸ ಇದ್ರೆ ಇನ್ನೂ ಒಳ್ಳೇದು. ಅಭ್ಯಾಸ ಆಗ್ಬೇಕು ಅಂತ ನಿಮಗೇ ಅನ್ಸಿದ್ರೆ ಇಲ್ಲಿಂದ ಶುರು ಮಾಡಿ, ಹಸಿ ಎಲೆ ಉದುರಿಸಿದ್ದರಿಂದ ಅಲ್ಲ.

ಮೂರನೇದಕ್ಕೆ ಯಾವ ವಿಜ್ಞಾನನೂ ಬೇಡ. ಸೊಪ್ಪನ್ನ ಹೆಚ್ಚಿ ಒಂದು ಬಟ್ಟಲಲ್ಲಿ ಊಟದ ಟೇಬಲ್ ಮೇಲಿಡಿ. ಬೇಕಾದೋರು ತಮ್ಮ ತಟ್ಟೆಗೆ ಹಾಕ್ಕೊಳ್ಳಿ. ಬಿಸಿ ಸಾರಿನ ಮೇಲೆ ಆಗತಾನೇ ಬಿದ್ರೆ ನಿಮ್ಮ ಮನೆಯವರಿಗೂ ಪಾತ್ರೇಲಿ ಬಾಡಿದ್ದಕ್ಕಿಂತ ಘಮ ಜಾಸ್ತಿನೇ ಸಿಗುತ್ತೆ, ಅವರಿಗೇನೂ ನಷ್ಟ ಇಲ್ಲ. ಪಾತ್ರೆಗೆ ಹಸಿರು ಕಾಣ್ಲೇಬೇಕು ಅಂದ್ರೆ ಈರುಳ್ಳಿ ಸೊಪ್ಪು ಅಥವಾ ಪುದೀನ ಹಾಕಿ. ಪಾರ್ಸ್ಲಿ ನೋಡೋಕೆ ಅವಳಿ ಜವಳಿ, ಬಾಯಿಗೆ ಅಷ್ಟಕ್ಕಷ್ಟೆ.


ಒಗ್ಗರಣೆ_ಪ್ರಿಯ:

ಅಕ್ಕ, ಬೇಯಿಸಿದ ಕೊತ್ತಂಬರಿ ಕೊತ್ತಂಬರಿನೇ ಅಲ್ಲ, ಇದು ನನ್ನ ಕೊನೇ ಮಾತು. ಬಟ್ಟಲಿನ ಐಡಿಯಾಗೆ ಮಾತ್ರ ನನ್ನ ವೋಟು.


ಉಪ್ಪುಖಾರ_ಸಾಕು:

ಬಟ್ಟಲು ಇವತ್ತಿಂದಾನೇ ಜಾರಿ. ಅಕ್ಕ ಒಂದು ಕೇಳ್ಬೇಕು, ಕಡ್ಡಿನೂ ಹಾಗೇನಾ? ನಮ್ಮನೇಲಿ ಎಲೆ ಬಿಡಿಸಿ ಕಡ್ಡಿನೆಲ್ಲ ಬೇಳೆ ಜೊತೆ ಹಾಕ್ಬಿಡ್ತಾರೆ. ಅದು ಅಷ್ಟು ತೊಂದ್ರೆ ಕೊಟ್ಟಿಲ್ಲ ನಂಗೆ, ಯಾಕೆ ಅಂತ ಈಗ ತಲೆ ಕೆರ್ಕೋತಿದೀನಿ. ಮತ್ತೆ ನಂಗೆ ಅಂತ ಬೇರೆ ಹೆಚ್ಚಿದ ತರಕಾರೀಲೂ ಒಂದೊಂದ್ಸಲ ಸೋಪ್ ಬರುತ್ತಲ್ಲ, ಅದೇನು?


ಸೌಟು_ಹಿಡಿದ_ಅಕ್ಕ:

ಬೇಳೆ ಜೊತೆ ಅಂದ್ರೆ ಅದು ಅಷ್ಟು ಹೊತ್ತು ಬೇಯುತ್ತಲ್ಲಪ್ಪಾ, ಇನ್ನೆಲ್ಲಿ ಉಳಿಯುತ್ತೆ ವಾಸನೆ. ಹಸಿ ಕಡ್ಡಿ ಕಚ್ಚಿ ನೋಡಿ, ಆವಾಗ ಗೊತ್ತಾಗುತ್ತೆ. ಬೇಯೋದಕ್ಕೆ ಕಡ್ಡಿ, ಬಟ್ಟಲಿಗೆ ಎಲೆ ಅಂತ ಮಾಡ್ಕೊಂಡ್ರೆ ಕಟ್ಟೂ ಪೂರ್ತಿ ಖರ್ಚಾಗುತ್ತೆ.

ತರಕಾರಿಗೆ ಬರೋದು ಚಾಕು ಮತ್ತು ಹೆಚ್ಚೋ ಮಣೆಯಿಂದ. ಮರದ ಮಣೆ ಆದ್ರೆ ಗೀರುಗಳಲ್ಲಿ ಹಸಿರು ರಸ ಕೂತಿರುತ್ತೆ, ನೀರಲ್ಲಿ ಸುಮ್ನೆ ತೊಳೆದ್ರೆ ಹೋಗಲ್ಲ. ನಿಮ್ಮ ತರಕಾರಿ ಮೊದಲು ಹೆಚ್ಚಿ, ಸೊಪ್ಪು ಎಲ್ಲಕ್ಕಿಂತ ಕೊನೇಲಿ ಹೆಚ್ಚಿ. ಆಮೇಲೆ ಮಣೆನ ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ನಿಲ್ಸಿ. ಸೋಪ್ ಹಾಕೋದು ಬಿಡೋದು ನಿಮ್ಮಿಷ್ಟ.