ಪದಚರ್ಚೆ: ‘ಅಡಾಪ್ಷನ್’ ಅಂದರೆ ಹಾಕಿಸಿಕೊಳ್ಳುವುದಾ, ರೂಢಿಯಾಗುವುದಾ?

ಎಲ್ಲರಿಗೂ ನಮಸ್ಕಾರ.

ಅಡಿಕೆ ಬೆಳೆಗಾರರಿಗೆ ಅಂತ ಒಂದು ಪುಸ್ತಿಕೆ ತಯಾರಾಗುತ್ತಿದೆ. ಹೊಸ ಸಾಧನ ಊರಿಗೆ ಬಂದಾಗ ಯಾರು ಮೊದಲು ಕೊಳ್ಳುತ್ತಾರೆ, ಯಾರು ಕಾದು ನೋಡುತ್ತಾರೆ, ಮೊಬೈಲಿಗೆ ಬರುವ ಮಳೆ ಮುನ್ಸೂಚನೆಯಿಂದ ದುಡ್ಡಿನ ಲೆಕ್ಕದಲ್ಲಿ ಏನು ಗಿಟ್ಟುತ್ತದೆ, ಇವು ಅದರ ವಿಷಯ. ಕನ್ನಡದ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಪುಟದಲ್ಲೇ ಅರ್ಥಶಾಸ್ತ್ರದವರ ‘ಅಡಾಪ್ಷನ್’, ಅಂದರೆ ಹೊಸದನ್ನು ತೆಗೆದುಕೊಂಡು ಬಳಸತೊಡಗುವುದು ಅನ್ನುವ ಅರ್ಥದ ಇಂಗ್ಲಿಷ್ ಪದ, ಕಾಲಿಗೆ ತೊಡರಿಕೊಂಡಿದೆ. ಬಲ್ಲವರು ಸ್ವಲ್ಪ ಸಹಾಯ ಮಾಡಬೇಕು.

ನಿಘಂಟು ಬಿಚ್ಚಿದರೆ ದತ್ತು, ಅಂಗೀಕಾರ, ಸ್ವೀಕಾರ, ಅಳವಡಿಕೆ ಸಿಗುತ್ತವೆ. ದತ್ತು ಬೇಡವೇ ಬೇಡ. ಅಂಗೀಕಾರ, ಸ್ವೀಕಾರ ಎರಡೂ ಸಭೆ, ಠರಾವು, ಪ್ರಮಾಣವಚನದ ಕಡೆಯ ಮಾತು. ಉಳಿದದ್ದು ಅಳವಡಿಕೆ. ಪತ್ರಿಕೆ, ಇಲಾಖೆ, ವಿಶ್ವವಿದ್ಯಾಲಯ ಎಲ್ಲ ಕಡೆ ಇದೇ ಓಡುತ್ತಿದೆ. ನನ್ನ ತಕರಾರು ಇರುವುದೂ ಇದರ ಮೇಲೆಯೇ. ಪಂಪಿಗೆ ಮೀಟರ್ ಅಳವಡಿಸಿದರು, ಬಸ್ಸಿಗೆ ಜಿಪಿಎಸ್ ಅಳವಡಿಸಿದರು ಅನ್ನುತ್ತೇವಲ್ಲ, ಅದು ಕೂರಿಸಿ ಕೈ ತೊಳೆದುಕೊಳ್ಳುವ ಕೆಲಸ. ‘ಅಳವಡಿಸಿಕೊಳ್ಳು’ ಅಂದರೆ ಅರ್ಥ ಸರಿಹೋಗುತ್ತದೆ, ಒಪ್ಪುತ್ತೇನೆ. ಆದರೆ ನಾಮಪದ ಮಾಡುವಾಗ ಆ ‘ಕೊಳ್ಳು’ ಉದುರಿ ಹೋಗುತ್ತದೆ. ಉಳಿಸಿಕೊಳ್ಳೋಣ ಅಂದರೆ ‘ಅಳವಡಿಸಿಕೊಳ್ಳುವಿಕೆ’. ಅದನ್ನು ಒಂದೇ ಉಸಿರಿಗೆ ಹೇಳಿ ನೋಡಿ.

ಅರ್ಥಶಾಸ್ತ್ರದವರು ಇದನ್ನು ಯಾವ ಅರ್ಥದಲ್ಲಿ ಹೇಳುತ್ತಾರೆ ಅಂತ ತಿಳಿಯಲು ಹಳೆಯದೊಂದು ಉದಾಹರಣೆ ಸಾಕು. ಜ್ವಿ ಗ್ರಿಲಿಕೆಸ್ ಅನ್ನುವ ಅರ್ಥಶಾಸ್ತ್ರಜ್ಞ 1957ರಲ್ಲಿ ಅಮೆರಿಕದ ಹೈಬ್ರಿಡ್ ಜೋಳದ ಮೇಲೆ ಒಂದು ಪ್ರಬಂಧ ಬರೆದ. ಅಲ್ಲಿಯ ಜೋಳ ಅಂದರೆ ನಮ್ಮ ಮುಸುಕಿನ ಜೋಳ. ಅಯೋವದ ರೈತರು 1930ರ ದಶಕದಲ್ಲೇ ಆ ಬೀಜಕ್ಕೆ ತಿರುಗಿಕೊಂಡರು, ದಕ್ಷಿಣದ ಅಲಬಾಮದವರು ಬಹಳ ತಡ ಮಾಡಿದರು. ಯಾಕೆ? ಒಂದು, ಅಯೋವದ ಹೈಬ್ರಿಡ್ ಅಲಬಾಮಕ್ಕೆ ಆಗುವುದಿಲ್ಲ, ಆಯಾ ಸೀಮೆಗೆ ಬೇರೆ ಬೇರೆ ಬೀಜವೇ ತಯಾರಾಗಬೇಕು, ಬೀಜದ ಕಂಪನಿಗಳು ಮಾರಾಟ ಜಾಸ್ತಿ ಆಗುವ ಕಡೆಗೆ ಮೊದಲು ಹೋದವು. ಎರಡು, ಬೀಜ ಬಂದ ಮೇಲೂ ಎಕರೆಗೆ ಲಾಭ ಜಾಸ್ತಿ ಇದ್ದಲ್ಲಿ ಬೇಗ ಹರಡಿತು, ಕಡಿಮೆ ಇದ್ದಲ್ಲಿ ತೆವಳಿತು.

ಇದನ್ನು ಓದುವಾಗ ನನಗೆ ಹೊಳೆದದ್ದು, ಈ ಎರಡು ಕಾರಣಕ್ಕೂ ನಮ್ಮ ರೈತರ ಬಾಯಲ್ಲಿ ಆಗಲೇ ಮಾತಿದೆ. ‘ಈ ತಳಿ ನಮ್ಮ ನೆಲಕ್ಕೆ ಒಗ್ಗಲಿಲ್ಲ’ ಅನ್ನುತ್ತಾರೆ. ‘ಶುಂಠಿ ಆ ವರ್ಷ ಕೈಹಿಡೀತು’ ಅನ್ನುತ್ತಾರೆ. ಮೊದಲನೆಯದು ಜಾಗಕ್ಕೆ ಹೊಂದುವ ಮಾತು, ಎರಡನೆಯದು ಲಾಭದ ಮಾತು. ಇವೆರಡೂ ಆದ ಮೇಲೆ ‘ಈಗ ಎಲ್ಲರಿಗೂ ಅದೇ ರೂಢಿ’. ಅಂದರೆ ಇಂಗ್ಲಿಷಿನವರು ಒಂದೇ ಪದದಲ್ಲಿ ಗಂಟು ಕಟ್ಟಿದ್ದನ್ನು ನಾವು ಮೂರು ಮಾತುಗಳಲ್ಲಿ ಬಿಡಿಸಿ ಹೇಳುತ್ತಿದ್ದೇವೆ. ಅದನ್ನೆಲ್ಲ ಮತ್ತೆ ‘ಅಳವಡಿಕೆ’ ಅನ್ನುವ ಒಂದೇ ಚೀಲಕ್ಕೆ ಯಾಕೆ ತುಂಬಬೇಕು?

ಈಗ ದೋಟಿ ನೋಡಿ, ಅಂದರೆ ಮರದ ಮೇಲಿನ ಕಾಯಿ ಕೀಳುವ ಉದ್ದನೆಯ ಕೋಲು. ಮಲೆನಾಡು, ಕರಾವಳಿ ಕಡೆ ಅಡಿಕೆ ಮರ ಹತ್ತುವವರು ಕಡಿಮೆಯಾಗಿ, ಈಗ ನೆಲದಲ್ಲೇ ನಿಂತು ಕೊನೆ (ಅಡಿಕೆ ಗೊಂಚಲು) ಇಳಿಸುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬೆಲೆ ಹತ್ತಾರು ಸಾವಿರ. ಅದಕ್ಕೆ ತರಬೇತಿ ಶಿಬಿರಗಳೂ ನಡೆದವು. ದೋಟಿ ಅನ್ನುವ ಪದ ಹಳೆಯದೇ. ಹಾಗಾಗಿ ಹೆಸರಿಡುವ ರಗಳೆಯೇ ಆಗಲಿಲ್ಲ, ಹೊಸ ವಸ್ತು ಹಳೆ ಹೆಸರಿನೊಳಗೆ ಸುಮ್ನೆ ಬಂದು ಕೂತಿತು. ಕೊಂಡವರ ಮನೆಯಲ್ಲಿ ಕೇಳಿದರೆ ಮಾತು ಎರಡು ಥರ ಬರುತ್ತದೆ. ‘ದೋಟಿ ತಂದಾಯ್ತು’ ಅನ್ನುವುದು ಒಂದು. ‘ಇನ್ನೂ ಕೈಗೆ ಕೂತಿಲ್ಲ ಮಾರಾಯ್ರೆ, ಮೇಲೆ ನೋಡಿ ನೋಡಿ ಕುತ್ತಿಗೆ ಹಿಡ್ಕೊಳ್ತದೆ’ ಅನ್ನುವುದು ಇನ್ನೊಂದು. ಮಾರಾಟದ ಲೆಕ್ಕದಲ್ಲಿ ಇಬ್ಬರೂ ಅಳವಡಿಸಿಕೊಂಡವರೇ. ತೋಟದ ಲೆಕ್ಕದಲ್ಲಿ ಒಬ್ಬರ ದೋಟಿ ಕೊಟ್ಟಿಗೆಯಲ್ಲಿದೆ.

ಆ್ಯಪ್‌ಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ರೈತರಿಗಾಗಿಯೇ 2019ರಲ್ಲಿ ಬಂದ ‘ಮೇಘದೂತ್’ ಇದೆ, ಮುಂದಿನ ಐದು ದಿನದ ಮುನ್ಸೂಚನೆ ಕೊಡುತ್ತದೆ, ಮಂಗಳವಾರ ಮತ್ತು ಶುಕ್ರವಾರ ಬೆಳೆ ಸಲಹೆ ಬರುತ್ತದೆ. ಸಿಡಿಲಿಗೆ ‘ದಾಮಿನಿ’ ಇದೆ. ಇವನ್ನು ಎಷ್ಟು ಜನ ಇಳಿಸಿಕೊಂಡರು ಅನ್ನುವುದು ಸುಲಭವಾಗಿ ಸಿಗುವ ಸಂಖ್ಯೆ. ಎಷ್ಟು ಜನ ಅದನ್ನು ನೋಡಿ ಔಷಧಿ ಹೊಡೆಯುವುದನ್ನು ಮುಂದೆ ಹಾಕಿದರು ಅನ್ನುವುದು ಸುಲಭವಾಗಿ ಸಿಗುವುದಿಲ್ಲ. ಇಲ್ಲಿ ವ್ಯಾಕರಣದ ಒಂದು ಸಂಗತಿ ಹೇಳಲೇಬೇಕು. ಯಾರನ್ನಾದರೂ ಕೇಳಿ, ‘ಆ್ಯಪ್ ಹಾಕಿಸ್ಕೊಂಡಿದ್ದೇನೆ’ ಅನ್ನುತ್ತಾರೆ. ‘ಹಾಕ್ಕೊಂಡಿದ್ದೇನೆ’ ಅನ್ನುವವರು ಬೇರೆ. ನಡುವೆ ಇರುವುದು ಒಂದು ‘ಇಸು’ ಅಷ್ಟೇ. ಆ ‘ಇಸು’ ಒಳಗೆ ಮಗಳೋ, ಪಕ್ಕದ ಮನೆ ಹುಡುಗನೋ, ಮೊಬೈಲ್ ಅಂಗಡಿಯವನೋ ನಿಂತಿರುತ್ತಾನೆ. ಡಿಜಿಟಲ್ ಕೌಶಲ ಯಾರಿಗೆಷ್ಟಿದೆ ಅಂತ ಉದ್ದುದ್ದ ಪ್ರಶ್ನಾವಳಿ ಮಾಡಿ ಹುಡುಕುವುದನ್ನು ನಮ್ಮ ಕ್ರಿಯಾಪದ ಒಂದು ಪ್ರತ್ಯಯದಲ್ಲಿ ಹೇಳಿಬಿಡುತ್ತದೆ. ನಾನಾಗಿದ್ದರೆ ಸಮೀಕ್ಷೆಯಲ್ಲಿ ಈ ಒಂದೇ ಪ್ರಶ್ನೆ ಮೊದಲು ಕೇಳುತ್ತಿದ್ದೆ: ಹಾಕಿಕೊಂಡಿರಾ, ಹಾಕಿಸಿಕೊಂಡಿರಾ?

ಇದೇ ಕಾರಣಕ್ಕೆ ‘ಡಿಜಿಟಲ್ ಸಾಕ್ಷರತೆ’ ಬಗ್ಗೆಯೂ ನನಗೆ ಅಷ್ಟಾಗಿ ಸಮಾಧಾನ ಇಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಶುರು ಮಾಡಿದಾಗ ಮನೆಗೊಬ್ಬರಂತೆ 6 ಕೋಟಿ ಮನೆಗಳ ಗುರಿ ಇತ್ತು. ಗುರಿ ಇಟ್ಟುಕೊಂಡು ಎಣಿಸಲು ‘ಸಾಕ್ಷರ’ ಅನುಕೂಲದ ಪದ, ಪ್ರಮಾಣಪತ್ರ ಬಂದರೆ ಸಾಕ್ಷರ, ಇಲ್ಲದಿದ್ದರೆ ಇಲ್ಲ. ಆದರೆ ಮೊಬೈಲಿನ ಮಟ್ಟಿಗೆ ಜನ ಹಾಗೆ ಎರಡು ಪಾಲಾಗಿ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಕಳಿಸುವುದು ನೀರು ಕುಡಿದಷ್ಟು ಸುಲಭ, ಯೂಟ್ಯೂಬಿನಲ್ಲಿ ಬೇಕಾದ್ದು ಹುಡುಕುತ್ತಾರೆ, ಒಂದು ಅರ್ಜಿ ತುಂಬಿ ಓಟಿಪಿ ಹಾಕು ಅಂದರೆ ಮಾತ್ರ ಫೋನು ಮಗನ ಕೈಗೆ ಹೋಗುತ್ತದೆ. ಇದಕ್ಕೆ ‘ಪಳಗು’ ಒಪ್ಪುತ್ತದೆ ಅನಿಸುತ್ತದೆ. ಪಳಗಿದ ಕೈ, ಅರೆಬರೆ ಪಳಗಿದ ಕೈ. ‘ಡಿಜಿಟಲ್ ಪಳಗುವಿಕೆ’ ಅಂತ ಇಲಾಖೆಯವರು ಬರೆಯಲಾರರು, ಗೊತ್ತು.

ಇನ್ನೊಂದು ಪದ ನಿಜಕ್ಕೂ ಅಪಾಯದ್ದು. ಹೊಸದನ್ನು ಕೊನೆಗೆ ತೆಗೆದುಕೊಳ್ಳುವವರನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಎವೆರೆಟ್ ರೋಜರ್ಸ್ 1962ರಲ್ಲಿ ‘ಲ್ಯಾಗರ್ಡ್ಸ್’ ಅಂತ ಕರೆದ. ಇದನ್ನು ‘ಹಿಂದುಳಿದವರು’ ಅಂತ ಕನ್ನಡ ಮಾಡಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ‘ಸೋಮಾರಿಗಳು’ ಇನ್ನೂ ಕೆಟ್ಟದ್ದು. ಗ್ರಿಲಿಕೆಸ್ ಲೆಕ್ಕ ಹಿಡಿದರೆ ತಡ ಮಾಡಿದವನಿಗೆ ತಡ ಮಾಡಲು ಕಾರಣ ಇರುತ್ತದೆ, ಅವನ ಹೊಲದಲ್ಲಿ ಅದು ಗಿಟ್ಟುತ್ತಿರಲಿಲ್ಲ. ಅರ್ಧ ಎಕರೆ ತೋಟದವನು ಸ್ವಂತ ದೋಟಿ ಕೊಳ್ಳದಿದ್ದರೆ ಅದು ಲೆಕ್ಕ ಗೊತ್ತಿರುವವನ ಕೆಲಸ. ಸದ್ಯಕ್ಕೆ ‘ಕಾದು ನೋಡಿದವರು’ ಅಂತ ಹಾಕಿದ್ದೇನೆ.

ಈಗ ಮಳೆ. ಹವಾಮಾನ ಇಲಾಖೆಯವರ ಪ್ರಕಟಣೆಯಲ್ಲಿ ಪ್ರತಿ ಪದಕ್ಕೂ ಅಳತೆ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಂದರೆ ‘ಭಾರಿ’, ಅದರ ಮೇಲೆ 204.4ರ ತನಕ ‘ಅತಿ ಭಾರಿ’. ಜಾಗದ ಪದಗಳಿಗೂ ಹಾಗೆಯೇ. ಒಂದು ಪ್ರದೇಶದ ಮಾಪನ ಕೇಂದ್ರಗಳಲ್ಲಿ ಶೇ 25ರ ತನಕ ಮಳೆಯಾದರೆ ಒಂದು ಪದ, ಶೇ 50ರ ತನಕ ಇನ್ನೊಂದು, 75ರ ತನಕ ಮತ್ತೊಂದು, ಅದರಾಚೆಗೆ ನಾಲ್ಕನೆಯದು. ಕನ್ನಡಕ್ಕೆ ಬರುವಾಗ ಇವು ಅಲ್ಲಲ್ಲಿ, ಕೆಲವೆಡೆ, ಹಲವೆಡೆ, ಚದುರಿದಂತೆ, ವ್ಯಾಪಕ ಅಂತೆಲ್ಲ ಆಗಿ, ಒಂದು ಪತ್ರಿಕೆಯ ‘ಕೆಲವೆಡೆ’ ಇನ್ನೊಂದರ ‘ಹಲವೆಡೆ’ ಆಗಿಬಿಡುತ್ತದೆ. ಇದು ಬರೀ ಪದದ ಜಗಳ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಅಂದುಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಲಸಿದ್ದನ್ನು ಅವತ್ತೇ ಖಾಲಿ ಮಾಡಬೇಕು, ನಾಳೆಗೆ ಇಡುವ ಹಾಗಿಲ್ಲ. ಜನ ಬಂದು ನಿಂತಿದ್ದಾರೆ, ಮಳೆ ಹೊಯ್ದರೆ ಕೂಲಿಯೂ ಹೋಯಿತು, ಔಷಧಿಯೂ ತೊಳೆದುಹೋಯಿತು. ಮುನ್ಸೂಚನೆಗೆ ಬೆಲೆ ಇರುವುದೇ ಈ ಬೆಳಗ್ಗೆ. ಆಗ ಫೋನಿನಲ್ಲಿ ‘ಅಲ್ಲಲ್ಲಿ’ ಅಂತ ಇದ್ದರೆ ಅದು ನಾಲ್ಕರಲ್ಲಿ ಒಂದು ಕಡೆಯೋ, ನಾಲ್ಕರಲ್ಲಿ ಮೂರು ಕಡೆಯೋ ಅಂತ ತಿಳಿಯಲೇಬೇಕು.

‘ಭಾರಿ’ಯ ಕಥೆಯೂ ಹೀಗೇ. ಆಷಾಢದಲ್ಲಿ ಆಗುಂಬೆಯವರಿಗೆ 65 ಮಿಲಿಮೀಟರ್ ಮಾಮೂಲಿ ಮಳೆ, ಚಳ್ಳಕೆರೆಯಲ್ಲಿ ಅದು ವರ್ಷವಿಡೀ ಮಾತಾಡುವ ಮಳೆ. ಕಾಫಿ ಸೀಮೆಯವರು ಇವತ್ತಿಗೂ ಇಂಚು, ಸೆಂಟ್ಸ್‌ನಲ್ಲೇ (ಇಂಚಿನ ನೂರನೇ ಪಾಲು) ಹೇಳುತ್ತಾರೆ, ‘ಹೂಮಳೆ ಒಂದು ಇಂಚು ಆಯ್ತು’ ಅಂತ; ಹೂಮಳೆ ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ. ಆ್ಯಪ್ ಮಿಲಿಮೀಟರ್ ತೋರಿಸುತ್ತದೆ, ಅವರು 25ರಿಂದ ಭಾಗಿಸಿಕೊಳ್ಳುತ್ತಾರೆ. ಬಯಲುಸೀಮೆಯ ‘ಹದ ಮಳೆ’ಯನ್ನಂತೂ, ಅಂದರೆ ಬಿತ್ತನೆಗೆ ಸಾಕಾಗುವಷ್ಟು ನೆಲ ನೆನೆಸುವ ಮಳೆಯನ್ನು, ಯಾವ ಆ್ಯಪ್ಪೂ ಹೇಳಲಾರದು. ಕಪ್ಪು ಮಣ್ಣಿನ ಎರೆ ಭೂಮಿಯ ಹದ ಬೇರೆ, ಕೆಂಪು ಮಣ್ಣಿನ ಮಸಾರಿಯದು ಬೇರೆ.

ನನ್ನ ಪ್ರಶ್ನೆಗಳು ಇಷ್ಟು. ‘ಅಡಾಪ್ಷನ್’ಗೆ ಸಾಧನ ತರುವ ಹಂತದಲ್ಲಿ ‘ಅಳವಡಿಕೆ’, ಬಳಕೆ ನಿಂತ ಹಂತದಲ್ಲಿ ‘ರೂಢಿ’ ಅಂತ ಎರಡು ಪದ ಬಳಸಿದರೆ ತಪ್ಪಾ? ‘ರೂಢಿ’ಗೆ ಹಳೆ ಸಂಪ್ರದಾಯದ ವಾಸನೆ ಜಾಸ್ತಿ ಅಂತ ಒಬ್ಬರು ಆಗಲೇ ಆಕ್ಷೇಪ ಎತ್ತಿದ್ದಾರೆ, ನನಗೇನೂ ಹಾಗೆ ಅನಿಸುವುದಿಲ್ಲ. ಮಳೆಯ ಆ ನಾಲ್ಕು ಜಾಗದ ಪದಗಳಿಗೆ ಏರುಕ್ರಮದಲ್ಲಿ ಗೊಂದಲ ಇಲ್ಲದ ಕನ್ನಡ ಯಾವುದು? ‘ಒಂದೆರಡು ಕಡೆ, ಕೆಲವು ಕಡೆ, ಹಲವು ಕಡೆ, ಹೆಚ್ಚಿನ ಕಡೆ’ ಅಂತ ಬರೆದುಕೊಂಡಿದ್ದೇನೆ. ಉತ್ತರ ಕರ್ನಾಟಕದವರಿಗೆ ಈ ಕೆಲವು, ಹಲವುಗಳ ನಡುವೆ ವ್ಯತ್ಯಾಸ ಕೇಳಿಸುತ್ತದಾ ಹೇಳಿ.

ಕೊನೆಯದಾಗಿ, ಕೊಂಡು ತಂದು ಸ್ವಲ್ಪ ದಿನ ಬಳಸಿ ಬಿಟ್ಟುಬಿಡುವುದಕ್ಕೆ ಒಂದು ನಾಮಪದ ಬೇಕು. ‘ಪರಿತ್ಯಾಗ’ ಬೇಡ, ಡ್ರಿಪ್ ಪೈಪು ಸುತ್ತಿಟ್ಟವನು ಸನ್ಯಾಸ ತೆಗೆದುಕೊಂಡ ಹಾಗೆ ಕೇಳಿಸುತ್ತದೆ. ನಿಮ್ಮ ಕಡೆ ಇದಕ್ಕೆ ಬಾಯಲ್ಲಿ ಏನಂತಾರೋ ಅದನ್ನೇ ಬರೆದು ಕಳಿಸಿ, ಒರಟಾಗಿದ್ದರೂ ಪರವಾಗಿಲ್ಲ.